ನ್ಯುಮೋನಿಯಾ ಲಸಿಕೆಗೆ ಆಯುಷ್ಮಾನ್ ಕಾರ್ಡ್ ಬೇಕಾ?

ಕಳೆದ ತಿಂಗಳು ಒಂದು ಬೆಳಗ್ಗೆ ಮದ್ರಸ ಬಿಟ್ಟು ಮಕ್ಕಳೆಲ್ಲ ಶಾಲೆಯ ಬಸ್ಸಿಗೆ ಓಡಿದ ಮೇಲೆ ಗೇಟಿನ ಬಳಿ ಒಬ್ಬ ಯುವಕ ಕಾಯುತ್ತಾ ನಿಂತಿದ್ದ. ನಮ್ಮಲ್ಲೇ ಓದಿದ ಹುಡುಗ. ಸೌದಿಯಲ್ಲಿ ಕೆಲಸ, ಎರಡನೇ ಮಗುವಿನ ಹೆರಿಗೆಗೆಂದು ರಜೆ ಹಾಕಿ ಊರಿಗೆ ಬಂದವ. ಸಲಾಂ ಹೇಳಿ ಕಿಸೆಯಿಂದ ಒಂದು ಚೀಟಿ ತೆಗೆದು ನಮ್ಮ ಕೈಗೆ ಕೊಟ್ಟ. ಖಾಸಗಿ ಕ್ಲಿನಿಕ್ಕೊಂದರಲ್ಲಿ ಬರೆದುಕೊಟ್ಟ ಲಸಿಕೆಗಳ ಪಟ್ಟಿ ಅದು. ಒಂದು ಹೆಸರಿನ ಕೆಳಗೆ ಪೆನ್ನಿನಲ್ಲಿ ಗೆರೆ ಎಳೆದಿತ್ತು: ಪಿಸಿವಿ.

"ಉಸ್ತಾದ್, ಇದೊಂದಕ್ಕೇ ಮೂರು ಸಾವಿರದ ಮೇಲೆ ಆಗ್ತದಂತೆ. ಅದೂ ನಾಲ್ಕು ಸಲ ಕೊಡ್ಬೇಕಂತೆ. ದೊಡ್ಡವಳು ದಮಾಮ್‌ನಲ್ಲಿ ಹುಟ್ಟಿದ್ದು, ಅಲ್ಲಿ ಕಂಪೆನಿ ಇನ್ಶೂರೆನ್ಸ್ ಕಾರ್ಡ್ ತೋರಿಸಿದ್ರೆ ಸಾಕಿತ್ತು, ಎಲ್ಲ ಲಸಿಕೆ ಅದರಲ್ಲೇ ಮುಗೀತು. ಇಲ್ಲಿ ನಮ್ಮ ಆಯುಷ್ಮಾನ್ ಕಾರ್ಡಲ್ಲಿ ಇದು ಬರ್ತದಾ?"

ನಮಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆ ಅಂತ ಹೇಳಿದರೆ ಮಗುವಿಗೇ ನಷ್ಟ. "ಎರಡು ದಿನ ಕೊಡು, ಕೇಳಿ ಹೇಳುವ" ಎಂದೆವು. ಮರುದಿನ ಮೊಹಲ್ಲಾದ ಆಶಾ ಕಾರ್ಯಕರ್ತೆಯ ಜೊತೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಸಿಸ್ಟರ್ ಹತ್ತಿರ ಕೇಳಿದೆವು. ಅವರು ನಕ್ಕರು. "ಕಾರ್ಡಲ್ಲಿ ಬರುವುದಿಲ್ಲ ಉಸ್ತಾದ್‌ರೇ. ಆದ್ರೆ ಇದಕ್ಕೆ ಕಾರ್ಡೇ ಬೇಡ. ಇಲ್ಲಿ ಫ್ರೀ ಕೊಡ್ತೇವೆ, ಯಾರು ಬಂದ್ರೂ ಕೊಡ್ತೇವೆ. ನಿಮ್ಮವರಿಗೆ ಹೇಳಿ, ಹಣ ಇಲ್ಲ ಅಂತ ಬಿಟ್ಟುಬಿಡ್ತಾರೆ, ಮತ್ತೆ ವರ್ಷ ದಾಟಿದ ಮೇಲೆ ಕರ್ಕೊಂಡು ಬರ್ತಾರೆ."

ಆ ಕೊನೆಯ ಮಾತಿಗಾಗಿಯೇ ಈ ಲೇಖನ.

ಕಾರ್ಡಿನ ಕೆಲಸ ಬೇರೆ, ಲಸಿಕೆಯ ಲೆಕ್ಕ ಬೇರೆ

ನಮ್ಮ ಮನೆಗಳಲ್ಲಿ ಆಯುಷ್ಮಾನ್ ಕಾರ್ಡ್ ಎಂದು ಕರೆಯುವುದು ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯ ಕಾರ್ಡನ್ನು. ರಾಜ್ಯದ ಆರೋಗ್ಯ ಕರ್ನಾಟಕ ಮತ್ತು ಕೇಂದ್ರದ ಆಯುಷ್ಮಾನ್ ಭಾರತ್ ಎರಡೂ 2018ರಲ್ಲಿ ಶುರುವಾಗಿ ಅದೇ ವರ್ಷ ಒಂದಾದವು. ಬಿಪಿಎಲ್ ರೇಷನ್ ಕಾರ್ಡ್ ಇರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ನಿಗದಿಯಾದ ಚಿಕಿತ್ಸಾ ವೆಚ್ಚದ ಶೇ. 30ರಷ್ಟನ್ನು ಸರಕಾರ ಕೊಡುತ್ತದೆ, ಅದಕ್ಕೆ ವರ್ಷಕ್ಕೆ 1.5 ಲಕ್ಷದ ಮಿತಿ. ಮೊದಲು ಸರಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆಗದಿದ್ದರೆ ಅವರು ಬರೆದುಕೊಟ್ಟ ಮೇಲೆ ನೋಂದಾಯಿತ ಖಾಸಗಿ ಆಸ್ಪತ್ರೆ. ತುರ್ತು ಇದ್ದರೆ ನೇರ ಹೋಗಬಹುದು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಈ ಕಾರ್ಡ್ ಇರುವುದು ಕಾಯಿಲೆ ಬಿದ್ದು ಆಸ್ಪತ್ರೆಗೆ ಸೇರಿದವರಿಗೆ. ಕ್ಲಿನಿಕ್ಕಿಗೆ ಹೋಗಿ ಡಾಕ್ಟರಿಗೆ ತೋರಿಸಿ ಮದ್ದು ತಂದರೆ ಅದು ಇದರಲ್ಲಿ ಬರುವುದಿಲ್ಲ. ಮಕ್ಕಳ ಲಸಿಕೆಯೂ ಬರುವುದಿಲ್ಲ. ನಾವೇ ಹಣ ಕಟ್ಟಿ ಮಾಡಿಸುವ ಖಾಸಗಿ ವಿಮೆಯಲ್ಲೂ ಹೆಚ್ಚಾಗಿ ಇದೇ ಕತೆ. ಬಹಳಷ್ಟು ಪಾಲಿಸಿಗಳು ಮಗುವನ್ನು ಸೇರಿಸಿಕೊಳ್ಳುವುದೇ 90 ದಿನ ಕಳೆದ ಮೇಲೆ. ಅಷ್ಟರಲ್ಲಿ ಈ ಲಸಿಕೆಯ ಮೊದಲ ಡೋಸಿನ ದಿನ ದಾಟಿ ಹೋಗಿರುತ್ತದೆ.

ಹಾಗಾದರೆ ಲಸಿಕೆಯ ಹಣ ಯಾರು ಕೊಡುತ್ತಾರೆ? ನಮ್ಮ ದೇಶದಲ್ಲಿ ಅದಕ್ಕೆ ವಿಮೆಯೇ ಇಲ್ಲದ ಬೇರೆ ದಾರಿ ಇದೆ. 1985ರಿಂದ ನಡೆದುಬಂದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಅದು. ಸರಕಾರವೇ ಲಸಿಕೆ ಖರೀದಿಸಿ ಆರೋಗ್ಯ ಕೇಂದ್ರಗಳಿಗೆ ಕಳುಹಿಸುತ್ತದೆ. ಬಿಪಿಎಲ್ ಆಗಲಿ, ಎಪಿಎಲ್ ಆಗಲಿ, ರೇಷನ್ ಕಾರ್ಡೇ ಇಲ್ಲದಿರಲಿ, ಅಪ್ಪ ಗಲ್ಫ್‌ನಲ್ಲಿರಲಿ, ಬೀಡಿ ಕಟ್ಟುವ ಉಮ್ಮನ ಮಗುವಾಗಿರಲಿ, ಎಲ್ಲರಿಗೂ ಒಂದೇ. ಸೌದಿಯಲ್ಲಿ ಆ ಯುವಕನ ಮಗಳಿಗೆ ಲಸಿಕೆ ಸಿಕ್ಕಿದ್ದು ಕಂಪೆನಿಯ ವಿಮೆಯಿಂದ. ಇಲ್ಲಿ ಸಿಗುವುದು ಮಗು ಹುಟ್ಟಿದೆ ಎಂಬ ಒಂದೇ ಕಾರಣಕ್ಕೆ. ಇದು ತಿಳಿಯದೆ ನಮ್ಮವರು ವಿಮೆ ಕಾರ್ಡ್ ಹಿಡಿದು ಹುಡುಕುತ್ತಾರೆ, ಅದರಲ್ಲಿ ಇಲ್ಲ ಅಂದಾಗ ಲಸಿಕೆಯನ್ನೇ ಬಿಡುತ್ತಾರೆ.

ಇದು ಯಾವ ಲಸಿಕೆ?

ಪಿಸಿವಿ ಎಂದರೆ ನ್ಯೂಮೋಕಾಕಲ್ ಲಸಿಕೆ. ನ್ಯೂಮೋಕಾಕಸ್ ಎಂಬ ರೋಗಾಣು ಎಳೆಯ ಮಕ್ಕಳ ಎದೆಗೆ ಹೊಕ್ಕರೆ ನ್ಯುಮೋನಿಯಾ, ಮೆದುಳಿನ ಪೊರೆಗೆ ಹೊಕ್ಕರೆ ಮೆನಿಂಜೈಟಿಸ್ ಅಂದರೆ ಮೆದುಳಿನ ಪೊರೆಯ ಜ್ವರ, ರಕ್ತಕ್ಕೆ ಸೇರಿದರೆ ಇಡೀ ಮೈಗೆ ನಂಜು. ಕಿವಿ ಸೋರುವುದಕ್ಕೂ ಇದು ಒಂದು ಕಾರಣ. ಮೊದಲ ಎರಡು ವರ್ಷಗಳಲ್ಲೇ ಇದರ ಅಪಾಯ ಹೆಚ್ಚು.

ನಮ್ಮ ದೇಶದ ಉಚಿತ ಪಟ್ಟಿಗೆ ಇದು ಬಂದದ್ದು 2017ರಲ್ಲಿ, ಅದೂ ಹಿಮಾಚಲ ಪ್ರದೇಶ ಮತ್ತು ಬಿಹಾರ, ಉತ್ತರ ಪ್ರದೇಶದ ಕೆಲವು ಜಿಲ್ಲೆಗಳಿಗೆ ಮಾತ್ರ. ಆಮೇಲೆ ಇನ್ನೂ ಕೆಲವು ರಾಜ್ಯಗಳು ಸೇರಿದವು. ಕರ್ನಾಟಕದ ಮಕ್ಕಳಿಗೆ ಆಗ ಇದು ಹಣ ಕೊಟ್ಟವರ ಲಸಿಕೆ. 2021ರ ಬಜೆಟ್ ಭಾಷಣದಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು ಐದು ರಾಜ್ಯಗಳಿಗೆ ಸೀಮಿತವಾಗಿದ್ದ ಈ ಲಸಿಕೆಯನ್ನು ದೇಶಕ್ಕೆಲ್ಲ ವಿಸ್ತರಿಸುವುದಾಗಿಯೂ, ಇದರಿಂದ ವರ್ಷಕ್ಕೆ 50 ಸಾವಿರಕ್ಕೂ ಹೆಚ್ಚು ಮಕ್ಕಳ ಸಾವು ತಪ್ಪಲಿದೆ ಎಂದೂ ಹೇಳಿದರು. ಅದೇ ವರ್ಷ ಅದು ಎಲ್ಲ ಕಡೆ ಶುರುವಾಯಿತು. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ 2020ರ ಡಿಸೆಂಬರ್‌ನಲ್ಲಿ ಇದೇ ಜಾತಿಯ ನ್ಯುಮೋಸಿಲ್ ಎಂಬ ಲಸಿಕೆಯನ್ನು ಹೊರತಂದಿದ್ದು ಇದಕ್ಕೆ ಅನುಕೂಲವಾಯಿತು. ಹೊರಗಿನ ಕಂಪೆನಿಯ ದುಬಾರಿ ಲಸಿಕೆಗೇ ಕಾಯಬೇಕಾದ ಸ್ಥಿತಿ ತಪ್ಪಿತು.

ಆದ್ದರಿಂದ ಹಿರಿಯ ಮಕ್ಕಳನ್ನು ಸಾಕಿದ ಉಮ್ಮಂದಿರಿಗೆ, ಅಜ್ಜಿಯರಿಗೆ ಈ ಹೆಸರೇ ಹೊಸದು. "ನಮ್ಮ ಕಾಲದಲ್ಲಿ ಇದಿರಲಿಲ್ಲ" ಎಂದು ಅವರು ಹೇಳುವುದು ಸರಿಯೇ. ಇರಲಿಲ್ಲ. ಅದರ ಬೆಲೆ ತೆತ್ತ ಮನೆಗಳೂ ನಮ್ಮ ನಡುವೆ ಇವೆ.

ಮುಂದಿನ ಬೆಂಚಿನ ಹುಡುಗ

ನಮ್ಮ ತರಗತಿಯಲ್ಲಿ ಒಬ್ಬ ಹುಡುಗನಿದ್ದಾನೆ. ಅವನನ್ನು ನಾವು ಯಾವಾಗಲೂ ಮುಂದಿನ ಬೆಂಚಿನಲ್ಲಿ, ನಮ್ಮ ಎಡಕ್ಕೆ ಕೂರಿಸುತ್ತೇವೆ. ಒಂದು ಕಿವಿ ಪೂರ್ತಿ ಕೇಳುವುದಿಲ್ಲ, ಇನ್ನೊಂದು ಅರ್ಧ. ಓದುವಾಗ ಅಕ್ಷರದ ಉಚ್ಚಾರ ತಿದ್ದಲು ಅವನು ನಮ್ಮ ತುಟಿಯನ್ನೇ ನೋಡುತ್ತಿರುತ್ತಾನೆ. ಬುದ್ಧಿವಂತ. ಆದರೆ ಸೀನ್‌ಗೂ ಸ್ವಾದ್‌ಗೂ ಇರುವ ವ್ಯತ್ಯಾಸ ಬಾಯಿ ನೋಡಿ ಕಲಿಯುವಂಥದ್ದಲ್ಲ.

ಅವನು ಹುಟ್ಟಿದ್ದು ಈ ಲಸಿಕೆ ಉಚಿತವಾಗುವ ಮೊದಲು. ಏಳು ತಿಂಗಳಿರುವಾಗ ಜ್ವರ ಬಂತು, ಹಾಲು ಕುಡಿಯುವುದು ಬಿಟ್ಟ, ಫಿಟ್ಸ್ ಬಂತು. ಮೆನಿಂಜೈಟಿಸ್, ನ್ಯೂಮೋಕಾಕಸ್‌ನಿಂದ ಎಂದು ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿದೆ. ಅವನ ಉಮ್ಮ ಆ ಚೀಟಿಯನ್ನು ಇಂದಿಗೂ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡಿದ್ದಾರೆ. ಮಗ ಉಳಿದ, ಅಲ್ಹಮ್ದುಲಿಲ್ಲಾಹ್. ಆಸ್ಪತ್ರೆಯ ಖರ್ಚಿನ ಬಹುಪಾಲು ಸರಕಾರಿ ಯೋಜನೆಯಲ್ಲೇ ಹೋಯಿತು. ಕಳೆದ ವಾರ ಈ ಲೇಖನದ ಮಾತು ಹೇಳಿದಾಗ ಆ ಉಮ್ಮ ಹೇಳಿದ್ದಿಷ್ಟು: "ಬಿಲ್ಲನ್ನು ಕಾರ್ಡ್ ಕೊಟ್ಟಿತು ಉಸ್ತಾದ್. ಕಿವಿಯನ್ನು ಯಾವ ಕಾರ್ಡ್ ಕೊಡ್ತದೆ?"

ಇದಕ್ಕಿಂತ ಚೆನ್ನಾಗಿ ನಾವು ಹೇಳಲಾರೆವು. ವಿಮೆ ಕಾಯಿಲೆ ಬಂದ ಮೇಲಿನ ಹಣದ ಮಾತು. ಲಸಿಕೆ ಕಾಯಿಲೆ ಬರುವ ಮೊದಲಿನ ಮಾತು. ಆ ಉಮ್ಮನಿಗೆ ಅಂದು ಈ ಲಸಿಕೆಯ ಆಯ್ಕೆಯೇ ಇರಲಿಲ್ಲ, ಕೂಲಿಯ ಮನೆಗೆ ಮೂರು ಸಾವಿರದ ಡೋಸ್ ದೂರದ ಮಾತು. ನಮ್ಮ ಸಂಬಳಕ್ಕೂ ಅದು ದೂರವೇ ಇತ್ತು. ಇಂದಿನ ಉಮ್ಮಂದಿರಿಗೆ ಅದು ಮನೆ ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಇದೆ.

ನಲವತ್ತಕ್ಕೆ ಎರಡು ದಿನ ಸೇರಿಸಿ

ಸರಕಾರಿ ಪಟ್ಟಿಯಲ್ಲಿ ಈ ಲಸಿಕೆಗೆ ಮೂರು ಡೋಸ್. ಮಗುವಿಗೆ ಆರು ವಾರ ಆದಾಗ ಒಂದು, ಹದಿನಾಲ್ಕು ವಾರಕ್ಕೆ ಎರಡನೆಯದು, ಒಂಬತ್ತು ತಿಂಗಳಿಗೆ ಮೂರನೆಯದು. ಮಗುವಿನ ಬಲತೊಡೆಗೆ ಕೊಡುತ್ತಾರೆ.

ನೆನಪಿಡಲು ಸುಲಭ ದಾರಿ ನಮ್ಮ ಮನೆಯಲ್ಲೇ ಇದೆ. ಬಾಣಂತಿಯ ನಲವತ್ತು ಎಣಿಸದ ಮನೆ ನಮ್ಮಲ್ಲಿಲ್ಲ. ಆರು ವಾರ ಅಂದರೆ 42 ದಿನ. ನಲವತ್ತರ ಸ್ನಾನ ಆಯಿತು ಅಂದರೆ ಎರಡು ದಿನ ಸೇರಿಸಿ, ನಂತರ ಬರುವ ಲಸಿಕೆ ದಿನ ಮಗುವನ್ನು ಕರೆದುಕೊಂಡು ಹೋಗಿ. ಹೆಚ್ಚಿನ ಕಡೆ ಗುರುವಾರ ಲಸಿಕೆಯ ದಿನ. ಅಂಗನವಾಡಿಯಲ್ಲಿ ಕೊಡುವ ಕಡೆ ದಿನ ಬೇರೆ ಇರಬಹುದು, ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಹೇಳುತ್ತಾರೆ.

ಆ ದಿನ ಮಗುವಿಗೆ ಬಾಯಿಗೆ ಪೋಲಿಯೊ ಮತ್ತು ರೋಟಾ ವೈರಸ್ ಹನಿ, ತೊಡೆಗೆ ಪೆಂಟಾವೇಲೆಂಟ್ ಮತ್ತು ಈ ಪಿಸಿವಿ, ತೋಳಿಗೆ ಪೋಲಿಯೊದ ಒಂದು ಚಿಕ್ಕ ಚುಚ್ಚು. "ಒಂದೇ ದಿನ ಮೂರು ಇಂಜೆಕ್ಷನ್ನಾ?" ಎಂದು ಅಜ್ಜಿಯರಿಗೆ ಕರುಳು ಕಿವುಚುವುದು ಸಹಜ. ಆದರೆ ಒಂದು ದಿನ ಒಂದು, ಇನ್ನೊಂದು ದಿನ ಇನ್ನೊಂದು ಎಂದು ಹಂಚಿದರೆ ಮಗು ಅಳುವುದು ಮೂರು ದಿನ, ಮತ್ತು ಒಂದು ಡೋಸ್ ತಪ್ಪಿಯೇ ಹೋಗುತ್ತದೆ. ಒಟ್ಟಿಗೆ ಕೊಟ್ಟರೆ ತೊಂದರೆಯಿಲ್ಲ.

ಈಗ ಸಿಸ್ಟರ್ ಹೇಳಿದ ಮುಖ್ಯ ಮಾತು. ಸರಕಾರಿ ಕಾರ್ಯಕ್ರಮದಲ್ಲಿ ಈ ಲಸಿಕೆಯ ಮೊದಲ ಡೋಸ್ ಮಗುವಿನ ಮೊದಲ ಹುಟ್ಟುಹಬ್ಬದ ಮೊದಲೇ ಆಗಬೇಕು. ತಡವಾಗಿ ಶುರುಮಾಡಿದರೂ ಒಂದು ಡೋಸ್ ವರ್ಷದೊಳಗೆ ಆಗಿದ್ದರೆ ಉಳಿದದ್ದನ್ನು ಅಂತರ ಲೆಕ್ಕ ಹಾಕಿ ಕೊಡುತ್ತಾರೆ. ವರ್ಷ ದಾಟಿದ ಮೇಲೆ ಹೊಸದಾಗಿ ಶುರುಮಾಡುವುದಿಲ್ಲ. "ಅವನ ಬಾಪ ದುಬಾಯಿಯಿಂದ ಬರಲಿ", "ಮಳೆಗಾಲ ಮುಗೀಲಿ", "ಮದುವೆ ಗಲಾಟೆ ಕಳೀಲಿ" ಎಂದು ಮುಂದೂಡಿದ ಮನೆಗಳ ಮಕ್ಕಳು ಹೀಗೇ ಹೊರಗುಳಿಯುವುದು.

ಇನ್ನೊಂದು ತೊಡಕು ತವರಿನದ್ದು. ಹೆರಿಗೆ ಉಳ್ಳಾಲದ ತವರಿನಲ್ಲಿ, ಗಂಡನ ಮನೆ ಉಪ್ಪಿನಂಗಡಿಯಲ್ಲಿ. ಮೊದಲ ಡೋಸ್ ಇಲ್ಲಿ ಆದರೆ ಎರಡನೆಯದಕ್ಕೆ ಅಲ್ಲಿ ಕೇಳುವವರಿಲ್ಲ ಅನ್ನುವ ಭಯ ಬೇಡ. ದೇಶದ ಯಾವ ಸರಕಾರಿ ಲಸಿಕಾ ಕೇಂದ್ರದಲ್ಲೂ ಮುಂದುವರಿಸಬಹುದು. ಈಗ ಯು-ವಿನ್ ಎಂಬ ವ್ಯವಸ್ಥೆಯಲ್ಲಿ ಮೊಬೈಲ್ ನಂಬರಿಗೆ ಮಗುವಿನ ಲೆಕ್ಕ ಸೇರಿಸುತ್ತಾರೆ. ಗಲ್ಫ್‌ನಲ್ಲಿರುವ ಗಂಡನ ನಂಬರ್ ಕೊಡಬೇಡಿ, ಮನೆಯಲ್ಲಿ ಯಾವಾಗಲೂ ಇರುವ ನಂಬರ್ ಕೊಡಿ. ಗರ್ಭಿಣಿಯಾದಾಗ ಕೊಟ್ಟ ತಾಯಿ ಕಾರ್ಡ್ ಮರೆಯದೆ ಒಯ್ಯಿರಿ. ಅದು ಪಾಸ್‌ಪೋರ್ಟಿನಷ್ಟೇ ಜೋಪಾನವಾಗಿರಲಿ.

ಮನೆಗಳಲ್ಲಿ ಕೇಳಿಬರುವ ಮಾತುಗಳು

"ಫ್ರೀ ಸಿಗುವುದು ಒಳ್ಳೆಯದಿರುತ್ತದಾ?" ನಾವು ಅತಿ ಹೆಚ್ಚು ಕೇಳಿದ ಪ್ರಶ್ನೆ ಇದು. ಉಚಿತ ಅಂದರೆ ಬೆಲೆಯಿಲ್ಲದ್ದು ಅಂತಲ್ಲ, ಬೆಲೆಯನ್ನು ಬೇರೆಯವರು ಕೊಟ್ಟಿದ್ದಾರೆ ಅಂತ. ಕೊಟ್ಟವರು ನಾವೇ, ನಮ್ಮ ತೆರಿಗೆಯಲ್ಲಿ. ನ್ಯುಮೋಸಿಲ್ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆ ಪಡೆದ ಲಸಿಕೆ. ಹತ್ತು ಬಗೆಯ ನ್ಯೂಮೋಕಾಕಸ್ ವಿರುದ್ಧ ಅದು ಕೆಲಸ ಮಾಡುತ್ತದೆ, ಏಷ್ಯಾ ಮತ್ತು ಆಫ್ರಿಕಾದ ಮಕ್ಕಳನ್ನು ಹೆಚ್ಚು ಕಾಡುವ ಬಗೆಗಳನ್ನು ನೋಡಿಯೇ ಅದನ್ನು ತಯಾರಿಸಿದ್ದು. ಖಾಸಗಿಯಲ್ಲಿ ಹದಿಮೂರು ಅಥವಾ ಇನ್ನೂ ಹೆಚ್ಚು ಬಗೆಗಳಿಗೆ ಆಗುವ ಲಸಿಕೆ ಸಿಗುತ್ತದೆ. ಶಕ್ತಿ ಇದ್ದವರು ಡಾಕ್ಟರ್ ಸಲಹೆಯಂತೆ ಅದನ್ನೇ ಕೊಡಿಸಲಿ, ಬೇಡ ಅನ್ನುವವರು ನಾವಲ್ಲ. ಆದರೆ ಅದಕ್ಕೆ ಹಣವಿಲ್ಲ ಎಂದು ಎರಡನ್ನೂ ಬಿಡುವುದು ನಷ್ಟದ ವ್ಯಾಪಾರ.

"ಖಾಸಗಿಯಲ್ಲಿ ನಾಲ್ಕು ಸಲ, ಇಲ್ಲಿ ಮೂರೇ ಸಲ ಯಾಕೆ?" ಇದನ್ನು ಆ ಸೌದಿಯ ಯುವಕನೂ ಕೇಳಿದ್ದ. ಎರಡು ಡೋಸ್ ಮತ್ತು ಒಂದು ಬೂಸ್ಟರ್ ಎಂಬ ಕ್ರಮ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ್ದೇ. ಕಡಿಮೆ ಮಾಡಿ ಉಳಿಸಿದ್ದಲ್ಲ.

"ಕೊಟ್ಟ ದಿನ ಜ್ವರ ಬರ್ತದಲ್ಲ?" ಬರಬಹುದು. ಸ್ವಲ್ಪ ಜ್ವರ, ಚುಚ್ಚಿದಲ್ಲಿ ಊತ, ಒಂದೆರಡು ದಿನ ಕಿರಿಕಿರಿ. ಸಿಸ್ಟರ್ ಹೇಳಿದಷ್ಟೇ ಜ್ವರದ ಹನಿ ಕೊಡಿ, ಎದೆಹಾಲು ಕೊಡುತ್ತಾ ಇರಿ. ಚುಚ್ಚಿದ ಜಾಗಕ್ಕೆ ಎಣ್ಣೆ ತಿಕ್ಕುವುದು, ಬಿಸಿ ಶಾಖ ಕೊಡುವುದು ಬೇಡ. ಲಸಿಕೆ ಆದ ಮೇಲೆ ಅರ್ಧ ಗಂಟೆ ಅಲ್ಲೇ ಕೂತು ಬನ್ನಿ. ಜ್ವರ ಇಳಿಯದಿದ್ದರೆ, ಮಗು ಹಾಲು ಬಿಟ್ಟರೆ ಕಾಯಬೇಡಿ, ಡಾಕ್ಟರಿಗೆ ತೋರಿಸಿ. ಸಣ್ಣ ಶೀತ, ಕೆಮ್ಮು ಇದ್ದರೆ ಲಸಿಕೆ ಮುಂದೂಡಬೇಕಾಗಿಲ್ಲ. ಜೋರು ಜ್ವರ ಇದ್ದರೆ ಮಾತ್ರ ಸಿಸ್ಟರಿಗೆ ಹೇಳಿ.

"ಅದರಲ್ಲಿ ಏನೇನೋ ಇರುತ್ತದಂತೆ, ಹಲಾಲಾ?" ಉಸ್ತಾದ್ ಅಂತ ನಮ್ಮಲ್ಲಿ ಕೇಳುವ ಪ್ರಶ್ನೆ. ಈ ಲಸಿಕೆಯಲ್ಲಿ ಜಿಲೆಟಿನ್ ಇಲ್ಲ, ಜೀವಂತ ರೋಗಾಣುವೂ ಇಲ್ಲ. ಸೌದಿ ಅರೇಬಿಯಾ, ಯುಎಇ ದೇಶಗಳ ಮಕ್ಕಳ ಲಸಿಕಾ ಪಟ್ಟಿಯಲ್ಲೂ ನ್ಯೂಮೋಕಾಕಲ್ ಲಸಿಕೆ ಇದೆ. ಹಜ್‌ಗೆ ಹೊರಟಾಗ ಮೆನಿಂಜೈಟಿಸ್ ಲಸಿಕೆ ಕಡ್ಡಾಯ. ಅದು ಬೇರೆ ರೋಗಾಣುವಿನದ್ದು, ಆದರೆ ಕಾಯಿಲೆ ಅದೇ ಜಾತಿಯದ್ದು. ಆಗ ಯಾರೂ ಒಂದು ಪ್ರಶ್ನೆ ಕೇಳದೆ ತೋಳು ಮಡಚಿ ನಿಲ್ಲುತ್ತೇವೆ. ಅರುವತ್ತರ ಹಾಜಿಗೆ ಬೇಕಾದ ಕಾವಲು ಅರುವತ್ತು ದಿನದ ಮಗುವಿಗೆ ಬೇಡವೇ?

ನಾವು ಸುಮ್ಮನಿದ್ದ ದಿನಗಳು

ಇಲ್ಲಿ ನಮ್ಮದೊಂದು ತಪ್ಪನ್ನೂ ಹೇಳಬೇಕು. 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗೆ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ನಡೆಯಿತು. ಆಗ ವಾಟ್ಸಪ್‌ನಲ್ಲಿ ಏನೆಲ್ಲ ಬಂತು ಎಂಬುದು ನಿಮಗೂ ನೆನಪಿರಬಹುದು. ಮಕ್ಕಳಾಗದಂತೆ ಮಾಡುವ ಮದ್ದು, ನಮ್ಮವರಿಗೆ ಮಾತ್ರ ಕೊಡುವ ಮದ್ದು ಎಂದೆಲ್ಲ. ಎಲ್ಲ ಸುಳ್ಳು. ಎಲ್ಲ ಜಾತಿಯ ಮಕ್ಕಳಿಗೂ ಒಂದೇ ಬಾಟಲಿಯಿಂದ ಕೊಟ್ಟರು. ಆದರೆ ನಮ್ಮ ಮದ್ರಸದ ಗೇಟಿನಲ್ಲಿ ಉಮ್ಮಂದಿರು ಬಂದು ಕೇಳಿದಾಗ ನಾವು "ನಿಮಗೆ ಸರಿ ಕಂಡದ್ದು ಮಾಡಿ" ಎಂದು ಜಾರಿಕೊಂಡೆವು. ಜವಾಬ್ದಾರಿ ನಮ್ಮ ತಲೆಗೆ ಬರುವುದು ಬೇಡ ಅನ್ನಿಸಿತ್ತು. ಉಸ್ತಾದ್ ಸುಮ್ಮನಿದ್ದರೆ ಅದನ್ನೂ ಜನ ಉತ್ತರ ಅಂತಲೇ ತಿಳಿಯುತ್ತಾರೆ ಎಂದು ಆಗ ಹೊಳೆಯಲಿಲ್ಲ. ಎಷ್ಟೋ ಮಕ್ಕಳು ಆ ದಿನ ಶಾಲೆಗೇ ಹೋಗಲಿಲ್ಲ.

ಪಕ್ಕದ ಮಲಪ್ಪುರಂನಲ್ಲಿ ಇದಕ್ಕೂ ಮೊದಲೇ, 2015-16ರಲ್ಲಿ, ಮರೆತೇಹೋಗಿದ್ದ ಡಿಫ್ತೀರಿಯಾ ಮರಳಿ ಬಂದು ಮಕ್ಕಳು ತೀರಿಕೊಂಡರು. ಲಸಿಕೆ ಪೂರ್ತಿಯಾಗದ ಮಕ್ಕಳು ಹೆಚ್ಚಿದ್ದ ಜಿಲ್ಲೆ ಅದು. 2022ರ ಕೊನೆಗೆ ಅಲ್ಲೇ ದಡಾರ ಹರಡಿತು. ನಮ್ಮ ನೆಂಟರು, ನಮ್ಮ ಉಸ್ತಾದರ ಊರುಗಳು ಅವು. ಅಲ್ಲಿ ಕಲಿತ ಪಾಠವನ್ನು ನಾವು ಇಲ್ಲಿ ಮತ್ತೆ ಮಕ್ಕಳ ಮೈಮೇಲೆ ಕಲಿಯಬೇಕಾಗಿಲ್ಲ.

ಜಮಾಅತ್ ಏನು ಮಾಡಬಹುದು?

ದೊಡ್ಡ ಕೆಲಸವೇನಲ್ಲ. ತಿಂಗಳಿಗೊಮ್ಮೆ ಜುಮಾ ನಂತರ ಮೈಕಿನಲ್ಲಿ ಒಂದು ನಿಮಿಷ: ಈ ಗುರುವಾರ ಲಸಿಕೆ ಇದೆ, ಇಂಥ ಜಾಗದಲ್ಲಿ. ಗಂಡಸರು ದೂರದಲ್ಲಿರುವ ಮನೆಗಳಲ್ಲಿ ಬಾಣಂತಿಯನ್ನು, ಮಗುವನ್ನು ಆಟೋದಲ್ಲಿ ಕರೆದೊಯ್ಯುವವರು ಯಾರು ಎಂದು ಯುವಕರ ಸಂಘ ನೋಡಿಕೊಳ್ಳಬಹುದು. ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಬಂದರೆ ಗೇಟಿನಲ್ಲೇ ಕಳುಹಿಸದೆ ಒಳಗೆ ಕರೆದು ಕೂರಿಸಿ ಒಂದು ಲೋಟ ಚಾ ಕೊಡಿ. ಅವರ ಬಳಿ ನಿಮ್ಮ ಮಗುವಿನ ಹೆಸರು ಇರುವುದು ಒಳ್ಳೆಯದಕ್ಕೇ.

ಇದೆಲ್ಲ ತವಕ್ಕುಲ್‌ಗೆ ವಿರುದ್ಧ ಅನ್ನುವವರೂ ಇದ್ದಾರೆ. ಮೊದಲು ಒಂಟೆ ಕಟ್ಟು, ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡು ಎಂಬ ಪಾಠವನ್ನು ಮಕ್ಕಳಿಗೆ ದಿನವೂ ಹೇಳಿಕೊಡುವವರು ನಾವು. ನಮ್ಮ ಮನೆಯ ಮಗುವಿನ ವಿಷಯ ಬಂದಾಗ ಅದನ್ನು ಮರೆಯಬಾರದು.

ಆ ಯುವಕ ಮಗುವಿಗೆ ನಲವತ್ತಮೂರು ದಿನವಾದ ಗುರುವಾರ ಆರೋಗ್ಯ ಕೇಂದ್ರಕ್ಕೆ ಹೋಗಿ ಬಂದ. ಸಂಜೆ ಫೋನ್ ಮಾಡಿ "ಒಂದು ರೂಪಾಯಿ ತಗೊಳ್ಳಲಿಲ್ಲ ಉಸ್ತಾದ್, ಕಾರ್ಡೂ ಕೇಳ್ಲಿಲ್ಲ" ಎಂದ. ಎರಡನೇ ಡೋಸಿಗೆ ಅವನು ಊರಲ್ಲಿರುವುದಿಲ್ಲ, ರಜೆ ಮುಗಿಯುತ್ತದೆ. ತಾರೀಕನ್ನು ತಾಯಿ ಕಾರ್ಡಿನಲ್ಲಿ ಬರೆಸಿ, ಅದನ್ನೇ ಅಡುಗೆಮನೆಯ ಕ್ಯಾಲೆಂಡರಿನಲ್ಲೂ ಗುರುತು ಹಾಕಿಟ್ಟು ಹೊರಡುತ್ತೇನೆ ಎಂದಿದ್ದಾನೆ.

ಈ ವರ್ಷದಿಂದ ನಮ್ಮ ಮದ್ರಸದ ದಾಖಲಾತಿ ಪುಸ್ತಕದಲ್ಲಿ ಒಂದು ಕಾಲಂ ಹೆಚ್ಚಾಗಿದೆ: ತಾಯಿ ಕಾರ್ಡ್ ನೋಡಲಾಗಿದೆ. ಐದಾರು ವರ್ಷಕ್ಕೂ, ಹತ್ತು, ಹದಿನಾರು ವರ್ಷಕ್ಕೂ ಲಸಿಕೆ ಇರುವುದರಿಂದ ಅದು ನಮ್ಮ ಕೆಲಸವೂ ಹೌದು. ನಿಮ್ಮ ಮನೆಯಲ್ಲಿ ವರ್ಷ ತುಂಬದ ಮಗು ಇದ್ದರೆ ಇವತ್ತೇ ಆ ಕಾರ್ಡ್ ತೆಗೆದು ಪಿಸಿವಿ ಎಂಬ ಸಾಲು ನೋಡಿ. ಖಾಲಿ ಇದ್ದರೆ ಬರುವ ಗುರುವಾರ ಹೊರಡಿ.